ನನ್ನ ಅಚಲ ಕೀಲಿನ ರಜೆ ಅರ್ಜಿ

ಅಕ್ಕ ಕುಟುಂಬದವಳಲ್ಲ. ಇದು ನನ್ನ ಮಾತಲ್ಲ, ನಮ್ಮ ಕಚೇರಿಯ ರಜೆ ನಿಯಮದ ಮಾತು. ಕುಟುಂಬ ಎಂದರೆ ಹೆಂಡತಿ, ಮಕ್ಕಳು, ತಂದೆ, ತಾಯಿ. ಪಟ್ಟಿ ಅಲ್ಲಿಗೆ ಮುಗಿಯಿತು. ಇವರಲ್ಲಿ ಯಾರು ಹಾಸಿಗೆ ಹಿಡಿದರೂ ಇಪ್ಪತ್ತೊಂದು ದಿನ ರಜೆ ಉಂಟು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಏಳು ವರ್ಷದ ನನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಹೊಲಿಗೆ ಯಂತ್ರ ತುಳಿದು, ಬೀದಿಯವರ ಅಂಗಿ, ಲಂಗ, ದಿಂಬಿನ ಚೀಲವೆಲ್ಲ ಹೊಲಿದು, ನನ್ನ ಓದು, ನೌಕರಿ, ಮದುವೆ ಇಷ್ಟನ್ನೂ ಮುಗಿಸಿ, ಜೊತೆಗೆ ತನ್ನ ಎಡ ಮಂಡಿಯನ್ನೂ ಮುಗಿಸಿಕೊಂಡವಳು ಹಾಸಿಗೆ ಹಿಡಿದರೆ ಅರ್ಧ ದಿನವೂ ಇಲ್ಲ.

ಮಂಡಿಯ ಕೀಲು ಪೂರ್ತಿ ಸವೆದಿದೆ, ತೆಗೆದು ಹೊಸದು ಹಾಕಬೇಕು, ಆಮೇಲೆ ಮೂರು ವಾರ ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದು ಮೂಳೆ ಡಾಕ್ಟರು ಹೇಳಿದರು. ಅಕ್ಕ ಮದುವೆಯಾದವಳಲ್ಲ, ಅವಳಿಗೆ ಇರುವುದು ನಾನೊಬ್ಬನೇ. ನನ್ನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಅವಳ ನಿಯಮದಲ್ಲಿ ಗಂಡನ ಅಕ್ಕ ಇನ್ನೂ ದೂರ. "ನಿಂಗೆ ರಜೆ ಸಿಗ್ದಿದ್ರೆ ಆಪರೇಷನ್ನೇ ಬೇಡ, ಮಂಡಿ ಹೀಗೇ ಇರ್ಲಿ ಬಿಡು" ಎಂದು ಅಕ್ಕ ಹಟ ಹಿಡಿದಳು. "ಸಿಕ್ಕಿದೆ ಅಕ್ಕ, ನಮ್ಮ ಸಾಹೇಬ್ರು ತುಂಬಾ ಒಳ್ಳೆಯವರು" ಎಂದು ಸುಳ್ಳು ಹೇಳಿ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಇನ್ನು ಉಳಿದದ್ದು ಒಂದೇ ದಾರಿ. ಕಾಯಿಲೆ ನನಗೇ ಬರಬೇಕು.

ನಮ್ಮ ಕಚೇರಿ ಎಂದರೆ ನಗರದ ನೀರು-ಚರಂಡಿ ವಿಭಾಗ. ನಾನು ನಕಾಶೆ ಕೋಣೆಯ ಗುಮಾಸ್ತ. ಯಾವ ಬೀದಿಯ ಕೆಳಗೆ ಯಾವ ಪೈಪು ಎಷ್ಟು ಆಳದಲ್ಲಿ ಹೋಗಿದೆ ಎಂಬ ನಕಾಶೆಗಳನ್ನು ಸುತ್ತಿ ತಗಡಿನ ಕೊಳವೆಗಳಲ್ಲಿ ಇಟ್ಟಿದ್ದಾರೆ, ಒಟ್ಟು ಸಾವಿರದ ಇನ್ನೂರು ಕೊಳವೆ. ಕೊಳವೆಗಳ ಮೇಲಿದ್ದ ಚೀಟಿಗಳನ್ನು ಹುಳು ತಿಂದು ಎಷ್ಟೋ ವರ್ಷವಾಯಿತು. ಯಾವುದರಲ್ಲಿ ಯಾವ ಬೀದಿ ಎಂಬುದು ಈಗ ಇರುವುದು ನನ್ನ ನೆನಪಿನಲ್ಲಿ ಮಾತ್ರ. ಇಷ್ಟಿದ್ದೂ ಆ ಕಚೇರಿಯಲ್ಲಿ ನನಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ರಜೆ ಕೊಡುವವರು, ಅಂದರೆ ಕೊಡದಿರುವವರು, ನಮ್ಮ ಹೆಡ್ ಕ್ಲರ್ಕು. ಬಾಯಿ ಬಿಟ್ಟರೆ ಮೊದಲು ಒಂದು ಕಲಂ ಸಂಖ್ಯೆ, ಆಮೇಲೆ ಮಾತು; ಅದಕ್ಕೇ ಎಲ್ಲರೂ ಕಲಮಪ್ಪ ಎನ್ನುತ್ತೇವೆ. ಹೋದ ವರ್ಷ ನಮ್ಮ ಟೈಪಿಸ್ಟು ಮಂಡಿ ನೋವೆಂದು ಅರ್ಜಿ ಹಾಕಿದಾಗ ಈ ಮಹಾನುಭಾವ "ಮಂಡಿ ನೋವು ನಂಗೂ ಇದೆ, ಸಾಹೇಬ್ರಿಗೂ ಇದೆ, ಗೇಟಿನ ಕಾವಲುಗಾರನಿಗೂ ಇದೆ. ಕೂತ್ಕೊಂಡು ಟೈಪ್ ಮಾಡಿ" ಎಂದು ಅರ್ಜಿಯನ್ನು ವಾಪಸು ಕೊಟ್ಟಿದ್ದರು. ಆದ್ದರಿಂದ ನನಗೆ ಅವರ ಹತ್ತಿರವೂ ಸಾಹೇಬರ ಹತ್ತಿರವೂ ಇಲ್ಲದ ಕಾಯಿಲೆಯೇ ಬೇಕಾಗಿತ್ತು.

ಅದು ಆಸ್ಪತ್ರೆಯ ಗೋಡೆಯ ಮೇಲೆ ಸಿಕ್ಕಿತು. ಕಾಯುವ ಕೋಣೆಯಲ್ಲಿ ಆಳೆತ್ತರದ ಅಸ್ಥಿಪಂಜರದ ಚಿತ್ರ. ಪ್ರತಿ ಕೀಲಿಗೂ ಒಂದು ಬಾಣ, ಬಾಣದ ತುದಿಗೆ ಹೆಸರು. ಭುಜಕ್ಕೆ ಚೆಂಡು-ಗುಳಿ ಕೀಲು, ಮೊಣಕೈಗೆ ಬಿಜಾಗರಿ ಕೀಲು, ಕುತ್ತಿಗೆಗೆ ತಿರುಗಣೆ ಕೀಲು, ಮಣಿಕಟ್ಟಿಗೆ ಜಾರು ಕೀಲು. ಚೆಂಡು ಎಂದರೆ ಆಟದ ಸಾಮಾನು, ಬಿಜಾಗರಿ ಎಂದರೆ ಬಾಗಿಲಿನ ಸಾಮಾನು. ಕಲಮಪ್ಪನ ಮುಂದೆ ಇವು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಮೂಲೆಯಲ್ಲಿ 'ಅಚಲ ಕೀಲು' ಎಂದಿತ್ತು. ಆಹಾ, ಎಂಥಾ ಗಾಂಭೀರ್ಯ! ಅದರ ಬಾಣ ಎಲ್ಲಿಗೆ ಹೋಗಿದೆ ಎಂದು ನೋಡಿದರೆ, ಯಾರೋ ಪುಣ್ಯಾತ್ಮರು ಸರಿಯಾಗಿ ಅಲ್ಲಿಗೇ 'ಗಲಾಟೆ ಮಾಡಬೇಡಿ' ಎಂಬ ಫಲಕ ಮೊಳೆ ಹೊಡೆದು ಕೂರಿಸಿದ್ದರು. ಬಾಣ ಫಲಕದ ಹಿಂದೆ ಹೋಗಿ ಮಾಯವಾಗಿತ್ತು. ಎಲ್ಲಿದ್ದರೇನು, ಮೈಯೊಳಗೇ ತಾನೆ ಇರುವುದು ಎಂದುಕೊಂಡು ತೊಡೆಯ ಮೇಲೆ ಕಾಗದ ಇಟ್ಟು ಬರೆದೆ: 'ನನ್ನ ಅಚಲ ಕೀಲು ಇದ್ದಕ್ಕಿದ್ದಂತೆ ಚಲನೆಯನ್ನು ಪೂರ್ತಿಯಾಗಿ ಕಳೆದುಕೊಂಡಿರುವುದರಿಂದ ಇಪ್ಪತ್ತೊಂದು ದಿನಗಳ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.'

ಕಲಮಪ್ಪ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಲ ಓದಿದರು. "ತುಂಬಾ ನೋವೇನ್ರೀ?" ಎಂದು ಕೇಳಿದಾಗ ಅವರ ದನಿಯಲ್ಲಿ ಮರ್ಯಾದೆ ಇತ್ತು. ನಾನು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟೆ. ರಜೆ ಮಂಜೂರಾಯಿತು.

ಅಕ್ಕನ ಆಪರೇಷನ್ ಚೆನ್ನಾಗಿ ಆಯಿತು. ಹತ್ತನೇ ದಿನವೋ ಏನೋ, ನನ್ನ ಬಟ್ಟೆ ತೆಗೆದುಕೊಂಡು ಹೋಗಲು ಮಧ್ಯಾಹ್ನ ಮನೆಗೆ ಬಂದಿದ್ದೆ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಾಗಿಲು ತೆಗೆಯುತ್ತಿದ್ದೇನೆ, ಹಿಂದಿನಿಂದ "ಏನ್ರೀ, ಹೇಗಿದೀರ?" ಎಂಬ ದನಿ. ತಿರುಗಿದರೆ ಕಲಮಪ್ಪ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಪಕ್ಕದಲ್ಲಿ ಟೈಪಿಸ್ಟು. ತಕ್ಷಣ ಬಲಗಾಲು ಎಳೆಯುತ್ತ ಒಳಗೆ ಹೋಗಿ ಕುರ್ಚಿಯಲ್ಲಿ ಕುಸಿದೆ. ಟೈಪಿಸ್ಟು "ಅಯ್ಯೋ ಪಾಪ, ಕಾಲಾ?" ಎಂದ. ಕಾಲು ಎಂದರೆ ಮಂಡಿಯಾಗುತ್ತದೆ, ಮಂಡಿ ಎಂದರೆ ಕಲಮಪ್ಪನಿಗೂ ಇದೆ. "ಬರೀ ಕಾಲಲ್ಲ" ಎಂದು ಭುಜ ಹಿಡಿದುಕೊಂಡೆ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಮಾತಿನ ಸದ್ದು ಕೇಳಿ ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಕೊರಳಿನಿಂದ ಸೀಟಿ ಇಳಿದಿಲ್ಲ. ಬೀದಿಯಲ್ಲಿ ಯಾರಾದರೂ ಬಗ್ಗಿ ನಡೆದರೆ ಕಿಟಕಿಯಿಂದಲೇ ಊದುತ್ತಾರೆ.

"ಕೀಲಿನ ತೊಂದ್ರೆನಾ? ಮೊದ್ಲೇ ಹೇಳ್ಬಾರ್ದಾ! ಮೂವತ್ತು ವರ್ಷ ಮಕ್ಕಳ ಕೀಲು ತಿರುಗಿಸಿದೀನಿ. ಎದ್ದೇಳಿ."

"ಬೇಡಿ ಮೇಷ್ಟ್ರೇ, ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರಿಗೇನು ಗೊತ್ತು, ಅವರು ಮಲಗಿರೋರನ್ನ ನೋಡ್ತಾರೆ. ನಾನು ಓಡೋರನ್ನ ನೋಡಿದೀನಿ." ಪುರ್‌ರ್ ಎಂದು ಸೀಟಿ ಊದಿ ನನ್ನ ತೋಳು ಹಿಡಿದು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿದರು. "ನೋಡಿ, ಚೆಂಡು-ಗುಳಿ ಕೀಲು. ಎಲ್ಲಾ ಕಡೆಗೂ ಹೋಗುತ್ತೆ. ಸರಿಯಾಗಿದೆ!" ಆಮೇಲೆ ಮೊಣಕೈ. "ಬಿಜಾಗರಿ. ಒಂದೇ ಕಡೆ ಮಡಚುತ್ತೆ, ಇನ್ನೊಂದು ಕಡೆ ಹೋಗಲ್ಲ. ಸರಿಯಾಗಿದೆ!" ಆಮೇಲೆ ಮಂಡಿ, ಸೊಂಟ, ಮಣಿಕಟ್ಟು, ಹೆಬ್ಬೆರಳು. ಪ್ರತಿ ಕೀಲಿಗೂ ಒಂದು ಸೀಟಿ, ಒಂದು 'ಸರಿಯಾಗಿದೆ'. ಕಲಮಪ್ಪನ ಹುಬ್ಬು ಮೇಲೇರುತ್ತ ಹೋಯಿತು. ನನ್ನ ನೌಕರಿ ಒಂದೊಂದು ಕೀಲಾಗಿ ಕಳಚುತ್ತಿತ್ತು. ಉಳಿದದ್ದು ಕುತ್ತಿಗೆಯೊಂದೇ. ಮೇಷ್ಟ್ರು ಅದಕ್ಕೆ ಕೈ ಹಾಕುವ ಮೊದಲೇ "ಅಯ್ಯಯ್ಯೋ!" ಎಂದು ಕಿರುಚಿ ಕುತ್ತಿಗೆಯನ್ನು ಕಂಬ ಮಾಡಿಕೊಂಡು ನಿಂತೆ.

"ಇದೇ ನೋಡಿ ಅಚಲ ಕೀಲು!" ಎಂದ ಟೈಪಿಸ್ಟು.

"ಇದು ತಿರುಗಣೆ ಕೀಲು ಕಣಪ್ಪಾ" ಎಂದರು ಮೇಷ್ಟ್ರು. "ಅಚಲ ಅಂತಾನೂ ಒಂದಿತ್ತು ಪುಸ್ತಕದಲ್ಲಿ. ಅದಕ್ಕೆ ಡ್ರಿಲ್ ಮಾಡ್ಸೋಕೆ ಬರಲ್ಲ ಅಂತ ಆ ಪುಟಾನೇ ಬಿಟ್ಬಿಡ್ತಿದ್ದೆ."

ಅದೇ ಹೊತ್ತಿಗೆ ಬಾಗಿಲಲ್ಲಿ ನನ್ನ ಹೆಂಡತಿ. ಊಟದ ಬಿಡುವಿನಲ್ಲಿ ಬಂದವಳು ಹಿಂದಿನಿಂದ "ರೀ, ಏನಿದು ಗಲಾಟೆ?" ಎಂದಳು. ನಾನು ಸಲೀಸಾಗಿ ಕುತ್ತಿಗೆ ತಿರುಗಿಸಿ "ಏನಿಲ್ಲ ಕಣೇ" ಎಂದೆ. ಕಲಮಪ್ಪ ಕಿತ್ತಳೆ ಚೀಲವನ್ನು ಮೇಜಿನ ಮೇಲಿಟ್ಟು, ಒಂದು ಕ್ಷಣ ಯೋಚಿಸಿ, ಮತ್ತೆ ಎತ್ತಿಕೊಂಡು ಹೋದರು. ಕಡತದಲ್ಲಿ ಅವರು ಬರೆದದ್ದನ್ನು ಟೈಪಿಸ್ಟು ಆಮೇಲೆ ಹೇಳಿದ: 'ಖುದ್ದು ಭೇಟಿ ನೀಡಲಾಯಿತು. ರೋಗವು ಕಾಲು, ಭುಜ, ಕುತ್ತಿಗೆಗಳಲ್ಲಿ ಕಂಡುಬಂದಿತು. ಕೀಲು ಚಲಿಸುತ್ತಿಲ್ಲ, ರೋಗ ಚಲಿಸುತ್ತಿದೆ.'

ರಜೆ ಮುಗಿದ ಸೋಮವಾರ ಕಚೇರಿಗೆ ಹೋದರೆ ನನ್ನ ಕುರ್ಚಿಯನ್ನು ಮೇಜಿನ ಮೇಲೆ ತಲೆಕೆಳಗು ಇಟ್ಟಿದ್ದರು.

"ಕಲಂ ನಲವತ್ತೊಂದು" ಎಂದರು ಕಲಮಪ್ಪ. "ಹೋಗುವಾಗ ಅರ್ಜಿಯಲ್ಲಿ ಯಾವ ಭಾಗ ಕೆಟ್ಟಿದೆ ಅಂತ ಬರ್ದಿದ್ರೋ, ಬರುವಾಗ ಅದೇ ಭಾಗ ಸರಿಯಾಗಿದೆ ಅಂತ ಡಾಕ್ಟ್ರ ಹತ್ರ ಅದೇ ಪದದಲ್ಲಿ ಬರೆಸ್ಕೊಂಡು ಬರ್ಬೇಕು. 'ಅಚಲ ಕೀಲಿಗೆ ಚಲನೆ ಮರಳಿ ಬಂದಿದೆ.' ಇಷ್ಟೇ, ಒಂದು ಸಾಲು. ಶುಕ್ರವಾರ ಸಂಜೆಯೊಳಗೆ ಪತ್ರ ಬರ್ಲಿಲ್ಲ ಅಂದ್ರೆ ಹುದ್ದೆ ಖಾಲಿ ಅಂತ ಮೇಲಕ್ಕೆ ಕಳಿಸ್ತೀವಿ. ಖಾಲಿ ಹುದ್ದೆಗಳನ್ನೆಲ್ಲ ರದ್ದು ಮಾಡ್ತಿದಾರೆ, ಗೊತ್ತಲ್ಲ?"

ಗೊತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿ ಒಂದು ಸಾಲಿನ ಮೇಲೆ ನಿಂತಿತು. ಅಕ್ಕನ ಮಂಡಿಗೆ ಆಪರೇಷನ್ ಮಾಡಿದ ಡಾಕ್ಟರ ಬಳಿ ಓಡಿದೆ. ಅವರು ಅರ್ಜಿಯ ನಕಲು ಓದಿ, ನನ್ನ ಮುಖ ನೋಡಿ, ಮತ್ತೆ ಅರ್ಜಿ ಓದಿದರು.

"ಅಚಲ ಕೀಲು ಎಲ್ಲಿದೆ ಅಂತ ಗೊತ್ತಾ ನಿಮ್ಗೆ?"

"ಅದನ್ನೇ ಕೇಳೋಣ ಅಂತ ಬಂದೆ ಡಾಕ್ಟ್ರೇ."

ಅವರು ಪೆನ್ನಿನ ಹಿಂಬದಿಯಿಂದ ನನ್ನ ನೆತ್ತಿಯ ಮೇಲೆ ಎರಡು ಸಲ ಕುಟ್ಟಿದರು. "ಇಲ್ಲಿ. ತಲೆಬುರುಡೆ ಒಂದೇ ಮೂಳೆ ಅಂದ್ಕೊಂಡಿದೀರಾ? ಹಲವು ಮೂಳೆಗಳು ಒಂದಕ್ಕೊಂದು ಹಲ್ಲು ಕಚ್ಚಿ ಕೂತಿರುತ್ವೆ. ಆ ಸಂದಿಗೆ ಅಚಲ ಕೀಲು ಅಂತಾರೆ. ಅದು ಅಲ್ಲಾಡಲ್ಲ. ಅಲ್ಲಾಡ್ಲೂಬಾರ್ದು!"

"ಅಲ್ಲಾಡಿದ್ರೆ?"

"ನೀವು ಇಲ್ಲಿಗೆ ನಡ್ಕೊಂಡು ಬರ್ತಿರ್ಲಿಲ್ಲ, ಹೊತ್ಕೊಂಡು ಬರ್ತಿದ್ರು."

ಮೂರು ವಾರದಿಂದ ನನಗೆ ಇದ್ದ ಕಾಯಿಲೆ ಎಂದರೆ ಆರೋಗ್ಯ ಎಂದು ಹೀಗೆ ತಿಳಿಯಿತು. ಬೇಡಿಕೊಂಡ ಮೇಲೆ ಡಾಕ್ಟರು ಬರೆದುಕೊಟ್ಟರು: 'ಇವರ ಅಚಲ ಕೀಲುಗಳು ಅಚಲವಾಗಿಯೇ ಇವೆ. ಇವರು ಪೂರ್ಣ ಆರೋಗ್ಯವಂತರು. ಕೆಲಸಕ್ಕೆ ಸೇರಿಸಿಕೊಳ್ಳಬಹುದು.' ಇದಕ್ಕಿಂತ ಸ್ಪಷ್ಟವಾದ ಕನ್ನಡ ಇನ್ನೆಲ್ಲಿದೆ ಹೇಳಿ? ಗೆದ್ದೆ ಎಂದುಕೊಂಡು ಮಂಗಳವಾರ ಅದನ್ನು ಕಲಮಪ್ಪನ ಮುಂದೆ ಹಿಡಿದೆ.

"ಏನ್ರೀ ಇದು! ಮೊದಲ್ನೇ ಸಾಲಲ್ಲಿ ಕಾಯಿಲೆ ಹಾಗೇ ಇದೆ ಅಂತಾರೆ, ಎರಡ್ನೇ ಸಾಲಲ್ಲಿ ಆರೋಗ್ಯ ಅಂತಾರೆ. ಯಾವುದನ್ನ ನಂಬೋದು?"

"ಸಾರ್, ಅದು ತಲೆಬುರುಡೆಯ ಕೀಲು. ಅದು ಯಾರಿಗೂ ಅಲ್ಲಾಡಲ್ಲ. ನಿಮ್ಗೂ ಅಲ್ಲಾಡಲ್ಲ."

ಕಲಮಪ್ಪ ನಿಧಾನವಾಗಿ ತಮ್ಮ ಬೋಳು ತಲೆ ಮುಟ್ಟಿ ನೋಡಿಕೊಂಡರು. "ನನ್ನ ವಿಷಯ ಬೇಡ. ನಾನು ರಜೆ ಕೇಳಿಲ್ಲ" ಎಂದರು. ಆಮೇಲೆ ಕಣ್ಣು ಸಣ್ಣದು ಮಾಡಿ, "ಯಾರಿಗೂ ಅಲ್ಲಾಡಲ್ಲ ಅಂದ್ರೆ ನೀವು ರಜೆ ತಗೊಂಡಿದ್ದು ಯಾತಕ್ಕೆ?" ಎಂದು ಕೇಳಿದರು. ವಿವರಿಸಿದರೆ ಸುಳ್ಳು ರಜೆಗೆ ವಜಾ, ವಿವರಿಸದಿದ್ದರೆ ಹುದ್ದೆ ರದ್ದು. ಮೈ ಪರಚಿಕೊಳ್ಳುವ ಹಾಗಾಯಿತು.

ಸಾಹೇಬರ ಕೋಣೆಗೇ ಹೋದೆ. ಅವರು ಮೆತ್ತಗಿನ ಮನುಷ್ಯ. ಯಾರಿಗೂ ಇಲ್ಲ ಎನ್ನುವುದಿಲ್ಲ, ಯಾರ ಕೆಲಸವನ್ನೂ ಮಾಡುವುದಿಲ್ಲ. "ಪೂರ್ತಿ ಬೇಡಪ್ಪಾ. 'ಸ್ವಲ್ಪ ಅಲ್ಲಾಡುತ್ತೆ' ಅಂತ ಬರೆಸ್ಕೊಂಡು ಬನ್ನಿ, ನಾನು ಹೇಳಿ ಒಪ್ಪಿಸ್ತೀನಿ" ಎಂದರು. ಬುಧವಾರ ಅದನ್ನು ಡಾಕ್ಟರಿಗೆ ಹೇಳಿದಾಗ ಅವರು ಎದ್ದು ನಿಂತುಬಿಟ್ಟರು. "ಹಾಗೆ ಬರೆದ್ರೆ ನಾಳೆಯಿಂದ ನಾನು ಡಾಕ್ಟ್ರಲ್ಲ. ನೀವು ಇನ್ನೊಂದ್ಸಲ ಕೇಳಿದ್ರೆ ಅದನ್ನ ನಿಜವಾಗ್ಲೂ ಅಲ್ಲಾಡಿಸ್ಬಿಡ್ತೀನಿ!" ಎಂದು ಬಾಗಿಲು ತೋರಿಸಿದರು.

ಗುರುವಾರ ಬೆಳಿಗ್ಗೆ ನಕಾಶೆ ಕೋಣೆಯ ಕೌಂಟರಿನ ಹೊರಗೆ, ಸಾರ್ವಜನಿಕರು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಒಳಗೆ ಕಾಲಿಡುವ ಹಾಗಿಲ್ಲ. ರಸ್ತೆ ಅಗೆಯುವ ತಂಡದ ಮೇಸ್ತ್ರಿ ಮಾರುಕಟ್ಟೆ ರಸ್ತೆಯ ನಕಾಶೆ ಕೇಳಿಕೊಂಡು ಬಂದ. ಕಲಮಪ್ಪ ಖುದ್ದು ಹುಡುಕಲು ನಿಂತರು. "ನಾಲ್ಕನೇ ಕಪಾಟು ಸಾರ್, ಕೆಳಗಿನ ಸಾಲು, ತುಕ್ಕು ಹಿಡಿದಿರೋದು" ಎಂದೆ. "ಕಾಯಿಲೆಯವರಿಂದ ಕೆಲಸ ತಗೊಳ್ಳೋ ಹಾಗಿಲ್ಲ, ಕಲಂ ಒಂಬತ್ತು" ಎಂದು ಎರಡನೇ ಕಪಾಟಿನಿಂದ ಕೈಗೆ ಸಿಕ್ಕಿದ ಕೊಳವೆ ತೆಗೆದುಕೊಟ್ಟರು. ಅದು ಸ್ಮಶಾನದ ರಸ್ತೆಯದು ಎಂದು ನಾನು ಮೇಸ್ತ್ರಿಯ ಹಿಂದೆ ಗೇಟಿನವರೆಗೂ ಕೂಗುತ್ತ ಓಡಿದೆ. ಅವನು, "ಸಹಿ ಯಾರು ಹಾಕಿದಾರೋ ಅವರ ಮಾತೇ ನಮ್ಗೆ" ಎಂದು ಲಾರಿ ಹತ್ತಿದ.

ಶುಕ್ರವಾರ ಮೂರು ಗಂಟೆಗೆ ಮಾರುಕಟ್ಟೆ ರಸ್ತೆಯಲ್ಲಿ ದೊಡ್ಡ ಪೈಪು ಒಡೆದು ನೀರು ಎರಡಾಳೆತ್ತರ ಚಿಮ್ಮಿತು. ಅಂಗಡಿಗಳಿಗೆ ನುಗ್ಗಿತು, ಬ್ಯಾಂಕಿಗೆ ನುಗ್ಗಿತು. ನೀರು ನಿಲ್ಲಿಸುವ ವಾಲ್ವು ಎಲ್ಲಿದೆ ಎಂಬುದು ನಕಾಶೆಯಲ್ಲಿದೆ. ನಕಾಶೆ ಎಲ್ಲಿದೆ ಎಂಬುದು ಕೌಂಟರಿನ ಹೊರಗೆ ನಿಂತವನಿಗೆ ಗೊತ್ತು. ಸಾಹೇಬರ ಕೋಣೆಯ ಮೂರೂ ಫೋನು ಒಟ್ಟಿಗೇ ಬಡಿದುಕೊಳ್ಳುತ್ತಿದ್ದವು.

"ಅವರನ್ನ ಒಳಗೆ ಬಿಡ್ರೀ!" ಎಂದು ಸಾಹೇಬರು ಹೊರಗೆ ಬಂದು ಕೂಗಿದರು.

"ಪತ್ರ ಇಲ್ಲದೆ ಬಿಟ್ಟೆ, ನಾಳೆ ವಿಚಾರಣೆ ಆಯ್ತು ಅಂದ್ಕೊಳ್ಳಿ. ಜವಾಬ್ದಾರಿ ನಿಮ್ದೇ ಅಂತ ಬರ್ಕೊಡಿ ಸಾರ್" ಎಂದರು ಕಲಮಪ್ಪ. ಬರೆದುಕೊಡು ಎಂದೊಡನೆ ಸಾಹೇಬರು ಮತ್ತೆ ಮೆತ್ತಗಾದರು. ನನಗೂ ರೇಗಿಹೋಗಿತ್ತು. ನಾನು ನಾಲ್ಕನೇ ಕಪಾಟು ಎಂದು ಇನ್ನೊಮ್ಮೆ ಹೇಳಲಿಲ್ಲ. ಮುಳುಗಲಿ, ಇಡೀ ನಗರ ಮುಳುಗಲಿ ಎಂದು ಕೈಕಟ್ಟಿ ನಿಂತೆ.

ಆಗ ಮೆಟ್ಟಿಲ ಕಡೆಯಿಂದ ಟಕ್ ಟಕ್ ಎಂದು ಊರುಗೋಲಿನ ಸದ್ದು ಕೇಳಿತು. ಎರಡು ಮಹಡಿ ಹತ್ತಿ, ಬೆವರು ಒರೆಸಿಕೊಳ್ಳುತ್ತ, ಅಕ್ಕ! ಹಿಂದೆಯೇ ಡ್ರಿಲ್ ಮೇಷ್ಟ್ರು, ತಲೆ ತಗ್ಗಿಸಿಕೊಂಡು. ಮಂಡಿ ಮಡಚುವ ವ್ಯಾಯಾಮ ಹೇಳಿಕೊಡಲು ಅವಳ ಮನೆಗೆ ಹೋಗಿದ್ದವರು ನನ್ನ ಕಥೆಯನ್ನೆಲ್ಲ ಒದರಿಬಿಟ್ಟಿದ್ದರು.

"ಅಕ್ಕ, ನೀನ್ಯಾಕೆ ಬಂದೆ? ಮೆಟ್ಲು ಹತ್ಬಾರ್ದು ಅಂದಿದಾರೆ!"

"ನೀನು ಸುಮ್ನಿರು. ನಿನ್ನನ್ನ ಆಮೇಲೆ ನೋಡ್ಕೋತೀನಿ." ನೇರ ಕಲಮಪ್ಪನ ಮೇಜಿಗೆ ಹೋಗಿ ಕೋಲು ಊರಿ ನಿಂತಳು. "ಇವನಿಗೆ ಯಾವ ಕಾಯಿಲೇನೂ ಇರ್ಲಿಲ್ಲ ಸ್ವಾಮೀ. ಕಾಯಿಲೆ ನಂದು. ನನ್ನ ಪಕ್ಕ ಇರೋಕೆ ಯಾರೂ ಇಲ್ಲ ಅಂತ ಈ ಪೆದ್ದ ಸುಳ್ಳು ಬರ್ದಿದಾನೆ. ಸುಳ್ಳು ಹೇಳೋದನ್ನೂ ನೆಟ್ಟಗೆ ಕಲಿಸ್ಲಿಲ್ಲ ನಾನು, ತಪ್ಪು ನಂದೇ. ಶಿಕ್ಷೆ ಕೊಡೋದಿದ್ರೆ ನಂಗೆ ಕೊಡಿ. ಅವನ ಕೆಲಸ ಅವನಿಗೆ ಕೊಡಿ."

ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಎಲ್ಲ ಮುಗಿಯಿತು ಎಂಬುದಕ್ಕಿಂತ ಅವಳು ನನಗೋಸ್ಕರ ಆ ಮಂಡಿಯಲ್ಲಿ ಮೂವತ್ತಾರು ಮೆಟ್ಟಿಲು ಹತ್ತಿದಳಲ್ಲ ಎಂಬುದೇ ನನ್ನನ್ನು ಚುಚ್ಚಿತು.

ಕಲಮಪ್ಪ ಅವಳ ಕೈಯಲ್ಲಿದ್ದ ಕಾಗದದ ಕಡೆ ಕಣ್ಣು ಹಾಯಿಸಿದರು. "ಅಮ್ಮಾ, ನೀವು ಹೇಳಿದ್ದು ನಂಗೆ ಕೇಳಿಸ್ಲಿಲ್ಲ" ಎಂದರು. ಅವಳು ಮತ್ತೆ ಹೇಳಲು ಬಾಯಿ ತೆರೆದಳು. "ಕೇಳಿಸ್ಲಿಲ್ಲ ಅಂದೆ! ಕೇಳಿಸಿದ್ರೆ ಕಲಂ ಹದಿನೇಳು, ವಜಾ. ನಿಮ್ಮ ಕೈಲಿರೋ ಕಾಗದ ಯಾವುದು?"

ಅದು ವಾರದ ಕೆಳಗೆ ಡಾಕ್ಟರು ಅಕ್ಕನಿಗೆ ಬರೆದುಕೊಟ್ಟ ಪತ್ರ. ತಾನು ರೋಗಿ ಎಂಬುದಕ್ಕೆ ಸಾಕ್ಷಿಯಾಗಲಿ ಎಂದು ತಂದಿದ್ದಳು. ಕಲಮಪ್ಪ ಗಟ್ಟಿಯಾಗಿ ಓದಿದರು: "'ಎಡ ಮಂಡಿಯ ಕೀಲು ಬದಲಿಸಲಾಗಿದೆ. ಬಿಜಾಗರಿಯಂತೆ ಸರಾಗವಾಗಿ ಮಡಚಿ ಬಿಡಿಸಲು ಬರುತ್ತದೆ. ಚಲನೆ ತೃಪ್ತಿಕರ.' ಆಹಾ! ಚಲನೆ ಅಂತ ಇದೆ. ತೃಪ್ತಿಕರ ಅಂತಾನೂ ಇದೆ."

"ಆದ್ರೆ ಅರ್ಜಿಯಲ್ಲಿ ಅಚಲ ಕೀಲು ಅಂತಿದೆಯಲ್ರೀ" ಎಂದರು ಸಾಹೇಬರು.

"ಕಲಂ ಅರವತ್ತೆರಡು ಸಾರ್. ಕೆಟ್ಟ ಭಾಗವನ್ನ ತೆಗೆದುಹಾಕಿ ಬೇರೆ ಭಾಗ ಕೂರಿಸಿದ್ರೆ, ಹೊಸ ಭಾಗದ ಪತ್ರ ಸಾಕು."

"ಅದು ಜೀಪಿನ ಕಲಂ ಅಲ್ವೇನ್ರೀ?"

"ಜೀಪಿಗೆ ಮಾತ್ರ ಅಂತ ಎಲ್ಲೂ ಬರ್ದಿಲ್ಲ."

"ಪತ್ರ ಆಯಮ್ಮನ ಹೆಸರಲ್ಲಿದೆ..."

"ಕೆಳಗೆ ನೋಡಿ ಸಾರ್. 'ಜೊತೆಗಿದ್ದವರು' ಅನ್ನೋ ಕಡೆ ಇವರ ಹೆಸರೂ ಇದೆ. ಪತ್ರದಲ್ಲಿ ನೌಕರನ ಹೆಸರಿರಬೇಕು ಅಂತ ನಿಯಮ. ಯಾವ ಸಾಲಲ್ಲಿ ಅಂತ ನಿಯಮ ಇಲ್ಲ." ಠಪ್ ಎಂದು ಮೊಹರು ಒತ್ತಿ ನನ್ನ ಕಡೆ ತಿರುಗಿ, "ನನ್ನ ಮುಖ ಏನ್ ನೋಡ್ತೀರ? ಒಳಗೆ ಹೋಗ್ರೀ!" ಎಂದು ಗದರಿದರು.

ಆ ಮನುಷ್ಯನ ಕಾಲಿಗೆ ಬೀಳಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ. ಒಳಗೆ ಓಡಿ ನಾಲ್ಕನೇ ಕಪಾಟಿನ ಕೆಳಸಾಲಿನಿಂದ ತುಕ್ಕು ಹಿಡಿದ ಕೊಳವೆ ಎಳೆದು ನಕಾಶೆ ಬಿಡಿಸಿ, ವಾಲ್ವು ಬ್ಯಾಂಕಿನ ಹಿಂದಿನ ಓಣಿಯಲ್ಲಿದೆ ಎಂದು ಫೋನಿನಲ್ಲಿ ಕೂಗಿದೆ. ಹತ್ತು ನಿಮಿಷದಲ್ಲಿ ನೀರು ನಿಂತಿತು. ಅಂದಿನಿಂದ ನನ್ನ ಸೇವಾ ದಾಖಲೆಯಲ್ಲಿ ಎಡ ಮಂಡಿ ಕೃತಕ ಎಂದಿದೆ.

ಐದು ಗಂಟೆಗೆ ಅಕ್ಕನ ಜೊತೆ ಮೆಟ್ಟಿಲಿಳಿಯಲು ಹೊರಟೆ. ಅವಳು ಬಿದ್ದುಗಿದ್ದಾಳು ಎಂದು ಕೈ ಹಿಡಿದುಕೊಂಡರೆ ಕೊಸರಿದಳು. "ಕೈ ಬಿಡೋ. ಮೇಲೆ ನೋಡು." ನೋಡಿದರೆ ಸಾಹೇಬರು, ಕಲಮಪ್ಪ, ಟೈಪಿಸ್ಟು ಮೂವರೂ ಕಟಕಟೆ ಹಿಡಿದು ಬಗ್ಗಿ ನಮ್ಮನ್ನೇ ನೋಡುತ್ತಿದ್ದರು. "ಮಂಡಿ ಆಪರೇಷನ್ ಆಗಿರೋದು ನಿಂಗೆ. ತಗೋ" ಎಂದು ಊರುಗೋಲನ್ನು ನನ್ನ ಕೈಗೆ ತುರುಕಿ, ಪಕ್ಕದ ಕಂಬಿ ಹಿಡಿದುಕೊಂಡು, ನಿಧಾನವಾಗಿ ಆದರೆ ನೆಟ್ಟಗೆ ಇಳಿಯತೊಡಗಿದಳು. ಎಷ್ಟೋ ವರ್ಷದ ಮೇಲೆ ಅವಳು ಮುಖ ಕಿವುಚದೆ ಮೆಟ್ಟಿಲಿಳಿಯುವುದನ್ನು ನೋಡುತ್ತಿದ್ದೆ. ಕೋಲು ಊರಿ ಕುಂಟುತ್ತ ಹಿಂಬಾಲಿಸಿದೆ.

ಏಳೆಂಟು ಮೆಟ್ಟಿಲು ಇಳಿದಿರಬೇಕು, ಅವಳು ತಿರುಗಿ ನೋಡಿ ಹಲ್ಲು ಕಡಿದಳು.

"ಎಡಗಾಲು ಕಣೋ, ಎಡಗಾಲು!"

ನಾನು ಕಾಲು ಬದಲಾಯಿಸಿದೆ.